ಪತ್ತಿನ ಪರೀಕ್ಷೆ



ಈಚೆಗೆ ಕಡಬ ತಾಲೂಕಿನ ಪೆರಾಬೆಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಮನೆಯ ಅಡಿಕೆ ಮಾರಿ ಬಂದ ಹಣದಲ್ಲಿ ಒಂದು ಪಾಲನ್ನು ಬಿಟ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯಕ್ಕೆ ಹಾಕಬೇಕೆಂಬುದು ಅವನ ಆಸೆ. “ಮಾಷ್ಟ್ರೇ, ಹಣಕಾಸಿನ ಸಲಹೆಗಾರರಲ್ಲಿ ನಾಣ್ಯದ ವಿಷಯ ಕೇಳಿದರೆ ಅವರು ನನ್ನ ಮನೆಯ ವಿಷಯವನ್ನೇ ಕೇಳುತ್ತಾರೆ. ಇಷ್ಟೆಲ್ಲ ವಿಚಾರಣೆ ಯಾತಕ್ಕೆ?” ಎಂದು ದೂರಿಕೊಂಡ. ಅವನಿಗೆ ಕೊಟ್ಟ ಉತ್ತರವನ್ನೇ ತಮ್ಮ ಮುಂದೆಯೂ ಇಡುತ್ತೇನೆ.

‘ಪತ್ತು’ ಎಂಬ ಮಾತನ್ನು ತಾವು ಬಲ್ಲಿರಿ. ಅದಕ್ಕೆ ಸಾಲವೆಂದಷ್ಟೇ ಅರ್ಥ ಮಾಡುವವರುಂಟು. ಆದರೆ ಪತ್ತೆಂದರೆ ಸಾಲಕ್ಕೆ ಮೊದಲು ಇರಬೇಕಾದ ನಂಬಿಕೆ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂದಾಗ ಹಳ್ಳಿಯ ಸಂಘಗಳಿಗೆ ಅಪರಿಮಿತ ಹೊಣೆಗಾರಿಕೆಯೇ ಸಾಮಾನ್ಯ ನಿಯಮವಾಗಿತ್ತು. ಅಂದರೆ, ಸಂಘ ಮುಳುಗಿದರೆ ಅದರ ಋಣಕ್ಕೆ ಸದಸ್ಯರ ಸ್ವಂತ ಆಸ್ತಿಯೂ ಗುರಿಯಾಗುತ್ತಿತ್ತು. ಆದಕಾರಣ ನೆರೆಯವನು ಸಾಲ ಕೇಳಿದಾಗ ಅವನ ತೋಟವೆಷ್ಟು, ಹಳೆಯ ಬಾಕಿಯೆಷ್ಟು, ಹಣ ಯಾವ ಕೆಲಸಕ್ಕೆ ಎಂದು ವಿಚಾರಿಸುವುದು ಅಧಿಕಪ್ರಸಂಗವಲ್ಲ, ಆತ್ಮರಕ್ಷಣೆಯೇ ಆಗಿತ್ತು. ನಮ್ಮ ಜಿಲ್ಲೆಯಲ್ಲಿ ಈ ಚಳವಳಿಯನ್ನು ಬೇರೂರಿಸಿದವರು ಮೊಳಹಳ್ಳಿ ಶಿವರಾಯರು. ಅವರ ಶ್ರಮದಿಂದ 1909ರಲ್ಲಿ ಪುತ್ತೂರಿನಲ್ಲಿ ಪತ್ತಿನ ಸಂಘವೂ 1914ರಲ್ಲಿ ಅಲ್ಲಿಯೇ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕೂ ತಲೆಯೆತ್ತಿದವು.

1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯ ಕಥೆಯೂ ಇಂಥದೇ. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಮನೆಬಾಗಿಲಲ್ಲೇ ಪಡೆಯಿತು. ದಿನವೂ ಬರುವ ಏಜೆಂಟನಿಗೆ ಆ ಮನೆಯ ಏಳುಬೀಳುಗಳು ತಿಳಿಯದೆ ಹೋದಾವೆ?

ಬೆಲೆ ಬೀಳುವುದೆಂದರೇನೆಂದು ತೋಟದವರಿಗೆ ಪಾಠ ಹೇಳಬೇಕಾಗಿಲ್ಲ. 1970ರ ಸುಮಾರಿಗೆ ಅಡಿಕೆಯ ಧಾರಣೆ ಕುಸಿಯಿತು. ಆ ಸಂಕಟದಿಂದಲೇ 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕ್ಯಾಂಪ್ಕೋ ಹುಟ್ಟಿತು. 2009ರಲ್ಲಿ ಚಲಾವಣೆಗೆ ಬಂದ ಬಿಟ್‌ಕಾಯಿನ್ನಿನ ಏರಿಳಿತವಾದರೋ ಇನ್ನೂ ತೀವ್ರ. 2021ರ ನವೆಂಬರಿನಲ್ಲಿ ಅದು ಸುಮಾರು 69 ಸಾವಿರ ಡಾಲರಿಗೇರಿ, ಒಂದೇ ವರ್ಷದಲ್ಲಿ 16 ಸಾವಿರಕ್ಕೂ ಕೆಳಗಿಳಿಯಿತು. ಅಡಿಕೆ ಇಳಿದಾಗ ಖರೀದಿಗೆ ನಿಲ್ಲಲು ಬೆಳೆಗಾರರದೇ ಒಂದು ಸಂಸ್ಥೆಯಿದೆ; ಈ ನಾಣ್ಯಕ್ಕೆ ಅಂಥ ಆಸರೆಯಿಲ್ಲ.

ಕಾನೂನೂ ಏರಿಳಿತಗಳನ್ನು ಕಂಡಿದೆ. 2018ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಇಂಥ ವ್ಯವಹಾರಸ್ಥರಿಗೆ ಬ್ಯಾಂಕುಗಳು ಸೇವೆ ಕೊಡಬಾರದೆಂದಿತು. 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದುಪಡಿಸಿತು. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇಕಡಾ 30ರ ತೆರಿಗೆ ಬಂತು. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತೆಯೂ ಇಲ್ಲ.

ಇನ್ನು ಸಲಹೆಗಾರನ ಧರ್ಮ. ಸೆಬಿ ಸಂಸ್ಥೆಯ 2013ರ ನಿಯಮಗಳು, ಸಲಹೆ ಕೊಡುವ ಮೊದಲು ಗಿರಾಕಿಯ ವಯಸ್ಸು, ಆದಾಯ, ಸಾಲ, ಉದ್ದೇಶ, ನಷ್ಟ ತಾಳುವ ಶಕ್ತಿ ಇವನ್ನೆಲ್ಲ ಅರಿಯಬೇಕೆನ್ನುತ್ತವೆ. ಪುತ್ತೂರಿನ ಹಳೆಯ ಸಂಘಗಳಿಗೆ ಇದು ಹೊಸ ಮಾತೇನೂ ಅಲ್ಲ. ಆದರೆ ಒಂದು ಭೇದವನ್ನು ಗಮನಿಸಬೇಕು. ಅಂದಿನ ನೆರೆಯವನು ತಪ್ಪಿ ಅಂದಾಜು ಮಾಡಿದರೆ ತಾನೂ ತೆರಬೇಕಾಗುತ್ತಿತ್ತು. ಇಂದಿನ ಸಲಹೆಗಾರನಿಗೆ ಆ ಭಯವಿಲ್ಲ. ಆದುದರಿಂದ ಅವನು ಇನ್ನಷ್ಟು ಕಟ್ಟುನಿಟ್ಟಾಗಿ ಕೇಳಬೇಕು. ಈ ಹಣ ಯಾರದು, ಎಂದಿಗೆ ಬೇಕಾಗುವುದು? ಪೂರಾ ಹೋದರೆ ಮನೆ ನಡೆದೀತೆ? ಕೊಳ್ಳುವ ವಸ್ತುವೇನೆಂದು ನಿಮ್ಮ ಮಾತಿನಲ್ಲೇ ಹೇಳಬಲ್ಲಿರಾ? ಅದರ ಗುಪ್ತ ಕೀಲಿ ಯಾರ ಕೈಯಲ್ಲಿರುತ್ತದೆ? ನಿಮಗೇನಾದರೂ ಆದರೆ ಮನೆಯವರಿಗೆ ದಾರಿ ತಿಳಿದೀತೆ? ಉತ್ತರಗಳನ್ನು ಬರೆದಿಟ್ಟುಕೊಂಡು, ಅವು ಸಾಲದೆ ಹೋದರೆ ಬೇಡವೆನ್ನಲು ಅವನು ಹಿಂಜರಿಯಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ಧೈರ್ಯ ಬೇರೆ, ತಾಳುವ ಶಕ್ತಿ ಬೇರೆ. ನನ್ನ ವಿದ್ಯಾರ್ಥಿಗೆ ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ಆದರೆ ಆ ಮನೆಗೆ ತೋಟವೊಂದೇ ಆಧಾರ. ಮಳೆಗಾಲದಲ್ಲಿ ಕೊಳೆರೋಗ ತಗಲಿದರೆ ಫಸಲು ನೆಲದ ಪಾಲು. ಸಂಘದ ಸಾಲ ಇನ್ನೂ ತೀರಿಲ್ಲವೆಂದು, ನಾನು ಕೇಳಿದ ಮೇಲೆ, ಅವನೇ ಬಾಯಿಬಿಟ್ಟ. “ತಂದೆಯವರಿಗೆ ಈ ವಿಷಯ ಗೊತ್ತಿದೆಯೇ?” ಎಂದೆ. ಅವನು ತಲೆತಗ್ಗಿಸಿದ. ಮೊದಲು ಸಂಘದ ಬಾಕಿ ಕಟ್ಟು. ಆಮೇಲೆ ನಿನ್ನ ಸ್ವಂತ ಸಂಪಾದನೆಯಲ್ಲಿ, ಹೋದರೂ ಹೋಗಲಿ ಎನ್ನುವಷ್ಟನ್ನು ಮಾತ್ರ ಹಾಕು ಎಂದು ಹೇಳಿ ಕಳುಹಿಸಿದೆ.

ತಮ್ಮ ಮನೆಯಲ್ಲಿಯೂ ಇಂಥ ಆಸೆಯುಳ್ಳ ತರುಣರಿರಬಹುದು. ಅವರನ್ನು ಗದರಿಸಬೇಡಿರಿ. ಅವರೊಡನೆ ಕುಳಿತು ಈ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿರಿ. ಸಲಹೆಗಾರರು ಇವನ್ನೇ ಕೇಳಿದಾಗ ಬೇಸರಿಸದೆ ನಿಜವನ್ನೇ ಹೇಳುವಂತೆ ತಿಳಿಹೇಳಿರಿ.