ಸೆರೆಮನೆಯಿಂದ ಬಂದ ಲೋಕಪಾಠ

ನಡೆದು ಮುಗಿದುದನ್ನು ಪಾಠ ಹೇಳುವುದು ಸುಲಭ. ಅದಕ್ಕೆ ಇಸವಿಯುಂಟು, ಅಧ್ಯಾಯವುಂಟು, ಪರೀಕ್ಷೆಗೆ ಬರುವ ಪ್ರಶ್ನೆಯೂ ಉಂಟು. ಇನ್ನೂ ನಡೆಯುತ್ತಿರುವ ಲೋಕವ್ಯವಹಾರವನ್ನು ಪ್ರೌಢಶಾಲೆಯ ಮಕ್ಕಳಿಗೆ ತಿಳಿಸಹೊರಟ ಉಪಾಧ್ಯಾಯನಿಗೆ ಈ ಯಾವ ಆಸರೆಯೂ ಇಲ್ಲ. ನಾಳೆಯ ಪತ್ರಿಕೆ ಇಂದಿನ ಪಾಠವನ್ನು ಸುಳ್ಳಾಗಿಸೀತೆಂಬ ಅಳುಕು ಬೇರೆ. ಈ ಅಳುಕಿನ ಮಾತು ಬಂದಾಗಲೆಲ್ಲ ನನಗೆ ಜವಾಹರಲಾಲ್ ನೆಹರೂ ಸೆರೆಮನೆಯಿಂದ ಮಗಳಿಗೆ ಬರೆದ ಪತ್ರಗಳ ನೆನಪಾಗುತ್ತದೆ.

ನೈನಿಯ ಸೆರೆಮನೆಯಲ್ಲಿ 1930ರ ಅಕ್ಟೋಬರ್ 26ರಂದು ಮೊದಲಾದ ಈ ಪತ್ರಮಾಲೆ ಮುಗಿದದ್ದು 1933ರ ಆಗಸ್ಟ್ 9ರಂದು. ಒಟ್ಟು 196 ಪತ್ರಗಳು. ಮೊದಲ ಪತ್ರದ ವೇಳೆಗೆ ಇಂದಿರೆಗೆ 13 ತುಂಬುವುದರಲ್ಲಿತ್ತು. ಕೊನೆಯದರ ವೇಳೆಗೆ ಆಕೆ ಪುಣೆಯಲ್ಲಿ ಶಾಲೆ ಓದುತ್ತಿದ್ದ ಹುಡುಗಿ. ಬರೆಯುವವರ ಬಳಿ ಗ್ರಂಥಾಲಯವಿರಲಿಲ್ಲ; ಓದಿದ ಪುಸ್ತಕಗಳಿಂದ ಗುರುತುಹಾಕಿಕೊಂಡ ಟಿಪ್ಪಣಿಗಳೇ ಬಂಡವಾಳ. 1934ರಲ್ಲಿ ಇವು 'ಗ್ಲಿಂಪ್ಸಸ್ ಆಫ್ ವರ್ಲ್ಡ್ ಹಿಸ್ಟರಿ' ಎಂಬ ಹೆಸರಿನಲ್ಲಿ ಅಚ್ಚಾದವು.

ಪ್ರಾಚೀನ ಕಾಲದಿಂದ ಹೊರಟ ಕಥೆ ಕೊನೆಕೊನೆಗೆ ಬರೆಯುವವರ ಕಾಲವನ್ನೇ ಮುಟ್ಟುತ್ತದೆ. 1929ರಲ್ಲಿ ತೊಡಗಿದ ಆರ್ಥಿಕ ಮುಗ್ಗಟ್ಟು, ಮಂಚೂರಿಯದಲ್ಲಿ ಜಪಾನ್, ಆಗತಾನೆ ಅಧಿಕಾರಕ್ಕೇರಿದ್ದ ಹಿಟ್ಲರ್, ಮುಂದೆ ಬರಲಿದ್ದ ಯುದ್ಧದ ನೆರಳು, ಎಲ್ಲವೂ ಪಾಠವಾಗುತ್ತವೆ. ಮುಗ್ಗಟ್ಟಿನ ವಿಷಯವನ್ನು ನೆಹರೂ ಪುಸ್ತಕದಿಂದ ಮಾತ್ರ ಬಲ್ಲವರಲ್ಲ. ನ್ಯೂಯಾರ್ಕಿನ ಷೇರುಪೇಟೆ ಕುಸಿದ ಮೇಲೆ ಇಲ್ಲಿ ದವಸದ ಬೆಲೆಯೂ ಬಿದ್ದು, ಸಂಯುಕ್ತ ಪ್ರಾಂತದ ರೈತರು ಗೇಣಿ ತೆರಲಾರದೆ ಹೋದರು. ಆ ರೈತರ ಚಳವಳಿಯ ನಡುವೆಯೇ 1931ರ ಡಿಸೆಂಬರಿನಲ್ಲಿ ನೆಹರೂ ಮತ್ತೆ ಬಂಧಿತರಾದರು. ದೂರದ ಸುದ್ದಿ ಮನೆಯ ಕಣಜಕ್ಕೆ ಹೇಗೆ ಬಂದು ಮುಟ್ಟುತ್ತದೆಂದು ತೋರಿಸಿದರೆ ಯಾವ ಹುಡುಗ ತಾನೆ ಆಕಳಿಸುತ್ತಾನೆ?

ಆದರೆ ಸೆರೆಮನೆಯ ಕಿಟಕಿಯಿಂದ ಎಲ್ಲವೂ ಕಾಣುವುದಿಲ್ಲ. ಸೋವಿಯತ್ ಪಂಚವಾರ್ಷಿಕ ಯೋಜನೆಯ ಬಗ್ಗೆ ಅವರಿಗಿದ್ದ ಮೆಚ್ಚುಗೆ ಪತ್ರಗಳಲ್ಲಿ ಎದ್ದು ಕಾಣುತ್ತದೆ. ಅದೇ 1932–33ರಲ್ಲಿ ಉಕ್ರೇನಿನಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸಾಯುತ್ತಿದ್ದರು. ಆ ಘೋರದ ಪೂರ್ಣ ಅಳತೆ ಲೋಕಕ್ಕೆ ತಿಳಿದದ್ದು ಬಹುಕಾಲದ ಮೇಲೆ. ಹೀಗಿರಲಾಗಿ ವರ್ತಮಾನವನ್ನು ಪಾಠ ಹೇಳುವುದೇ ತಪ್ಪೆ?

ಅಲ್ಲವೆಂದು ನಾನು ತಿಳಿದಿದ್ದೇನೆ. ಕೊನೆಯ ಪತ್ರದಲ್ಲಿ ನೆಹರೂ ಮಗಳನ್ನು ಎಚ್ಚರಿಸುತ್ತಾರೆ: ತಾವು ಬರೆದುದನ್ನು ಕಡೆಯ ಪ್ರಮಾಣವೆಂದು ತಿಳಿಯಬಾರದು, ರಾಜಕಾರಣಿಗೆ ಎಲ್ಲದರ ಮೇಲೂ ಮಾತಾಡುವ ಚಟವಿರುತ್ತದೆ ಎಂದು. 196 ಪತ್ರಗಳಲ್ಲಿ ದೊಡ್ಡ ಪಾಠ ಇದೇ ಎಂದು ನನಗೆ ತೋರುತ್ತದೆ.

1953ರಲ್ಲಿ ಯುನೆಸ್ಕೋ 15 ದೇಶಗಳ 33 ಪ್ರೌಢಶಾಲೆಗಳನ್ನು ಕೂಡಿಸಿ, ಲೋಕದ ಸಮಸ್ಯೆಗಳನ್ನೂ ಅನ್ಯ ಜನಗಳನ್ನೂ ಅರಿಯುವ ಶಿಕ್ಷಣಕ್ಕೆ ಕೈಹಾಕಿತು. ಅಂದಿನಿಂದ ಶಾಲೆಗಳ ಸಂಖ್ಯೆ ಬಹಳ ಬೆಳೆದಿದೆ. ಆದರೆ ಕೊಠಡಿಯಲ್ಲಿ ನಿಂತ ಉಪಾಧ್ಯಾಯನ ಕೆಲಸ ಅಂದಿನದೇ: ತನ್ನ ಅಭಿಪ್ರಾಯವನ್ನು ಮುಚ್ಚಿಡದೆ ಹೇಳುವುದು, ಅದನ್ನು ಒಪ್ಪದಿರುವ ಹಕ್ಕನ್ನು ಮಗುವಿಗೆ ಬಿಟ್ಟುಕೊಡುವುದು. ಸುದ್ದಿ ಹಳತಾಗುತ್ತದೆ, ಆ ಹಕ್ಕಿನಿಂದ ಬೆಳೆದ ವಿವೇಕ ಜೀವಮಾನವೆಲ್ಲ ಜೊತೆಗಿರುತ್ತದೆ.