‘ಹಿಯರ್’ ಅಂದ್ರೆ ಬರೀ ಕಿವಿಯ ಕೆಲಸ ಅಲ್ಲ: ನೈರೋಬಿಗೆ ಹೊರಟವರಿಗೆ ಒಂದು ಪದದ ಪರಿಚಯ

ನೈರೋಬಿ: ಗಲ್ಫ್‌ನಲ್ಲಿ ನಾಲ್ಕಾರು ವರ್ಷ ದುಡಿದು, ಅಲ್ಲಿಂದ ಕೀನ್ಯಾದ ರಾಜಧಾನಿಗೆ ಕೆಲಸ ಬದಲಿಸಿಕೊಂಡು ಹೋದ ಊರಿನವರು ಒಂದಲ್ಲ ಒಂದು ದಿನ ಇಂಥದ್ದೊಂದು ಮಾತಿಗೆ ಕಕ್ಕಾಬಿಕ್ಕಿ ಆಗಬಹುದು. ಗೋದಾಮಿನ ವಾಚ್‌ಮನ್ ಓಡಿ ಬಂದು ‘ಐ ಆ್ಯಮ್ ಹಿಯರಿಂಗ್ ಎ ಸ್ಮೆಲ್’ ಅನ್ನುತ್ತಾನೆ. ವಾಸನೆ ಕೇಳಿಸ್ತಾ ಇದೆಯಂತೆ! ಹೊಸಬರಿಗೆ ನಗು ಬರೋದು ಸಹಜ. ಆದರೆ ಆತ ಹೇಳ್ತಿರುವುದು ಗ್ಯಾಸ್ ಸೋರುತ್ತಿರುವ ವಾಸನೆ ಆಗಿದ್ದರೆ, ನಗುವುದಕ್ಕೆ ಅದು ಹೊತ್ತಲ್ಲ.

ಆತನ ಇಂಗ್ಲಿಷ್ ಕೆಟ್ಟಿದೆ ಎಂದುಕೊಳ್ಳುವ ಮೊದಲು ಅದರ ಹಿಂದಿರುವ ಸ್ವಾಹಿಲಿಯನ್ನು ನೋಡಬೇಕು. ಕೀನ್ಯಾದ 2010ರ ಸಂವಿಧಾನದ ಪ್ರಕಾರ ಸ್ವಾಹಿಲಿ ಅಲ್ಲಿನ ರಾಷ್ಟ್ರಭಾಷೆ. ಆಡಳಿತ ಭಾಷೆಗಳು ಎರಡು, ಸ್ವಾಹಿಲಿ ಮತ್ತು ಇಂಗ್ಲಿಷ್. ನೈರೋಬಿಯ ಜನ ದಿನಕ್ಕೆ ಹತ್ತು ಸಲ ಒಂದರಿಂದ ಇನ್ನೊಂದಕ್ಕೆ ದಾಟುತ್ತಾರೆ. ಸ್ವಾಹಿಲಿಯಲ್ಲಿ ‘ಕುಸಿಕಿಯಾ’ ಎಂದರೆ ಕೇಳಿಸುವುದು. ಅಷ್ಟೇ ಅಲ್ಲ, ಮೈಗೆ, ಮೂಗಿಗೆ, ಹೊಟ್ಟೆಗೆ ತಿಳಿಯುವುದೆಲ್ಲ ಅದೇ ಪದದಲ್ಲಿ ಬರುತ್ತದೆ. ‘ನಾಸಿಕಿಯಾ ಹರುಫು’ ಅಂದರೆ ವಾಸನೆ ಬರ್ತಾ ಇದೆ. ‘ನಾಸಿಕಿಯಾ ನ್ಜಾ’ ಅಂದರೆ ಹಸಿವಾಗ್ತಿದೆ, ‘ನಾಸಿಕಿಯಾ ಬರಿದಿ’ ಅಂದರೆ ಚಳಿ. ಗಲ್ಫ್‌ನಲ್ಲಿದ್ದವರಿಗೆ ಅರಬಿಯ ‘ಬರ್ದ್’ ಗೊತ್ತಿರುವುದರಿಂದ ಈ ಕೊನೆಯದು ಬೇಗ ನೆನಪಿನಲ್ಲಿ ಉಳಿಯುತ್ತದೆ. ‘ನಾಸಿಕಿಯಾ ಕಿಝುಂಗುಝುಂಗು’ ಎಂದರೆ ತಲೆ ಸುತ್ತುತ್ತಿದೆ. ಏಣಿ ಮೇಲೆ ನಿಂತವನು ಹಾಗಂದರೆ ಕೂಡಲೇ ಕೆಳಗಿಳಿಸಬೇಕು.

ಅರ್ಥವಾಗುವುದಕ್ಕೂ ಇದೇ ಪದ. ‘ಉಮೆಸಿಕಿಯಾ?’ ಎಂದು ಕೇಳಿದರೆ ‘ಕೇಳಿಸ್ತಾ?’ ಅಂತಲೂ ಆಗುತ್ತದೆ, ‘ಗೊತ್ತಾಯ್ತಾ?’ ಅಂತಲೂ ಆಗುತ್ತದೆ. ಹಾಗಾಗಿ ಇಂಥ ಇಂಗ್ಲಿಷ್‌ನಲ್ಲಿ ‘ಐ ಹ್ಯಾವ್ ಹರ್ಡ್’ ಎಂಬ ಉತ್ತರ ಸಿಕ್ಕಿದಾಗ ಯಾವ ಅರ್ಥ ಎಂಬುದನ್ನು ಸುತ್ತಿಬಳಸಿ ಊಹಿಸುವುದಕ್ಕಿಂತ, ಏನು ಮಾಡಬೇಕು ಅಂತ ಆತನ ಬಾಯಲ್ಲೇ ಒಂದು ಸಲ ಹೇಳಿಸುವುದು ಕ್ಷೇಮ. ಕೀನ್ಯಾದವರು ದುಬೈ, ದೋಹಾಗಳಲ್ಲೂ ಸೆಕ್ಯುರಿಟಿ ಮತ್ತು ಮನೆಗೆಲಸದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಇದು ನೈರೋಬಿಗೆ ಹೋಗುವವರಿಗೆ ಮಾತ್ರ ಸಂಬಂಧಿಸಿದ್ದಲ್ಲ.

ಈಗ ನಮ್ಮ ಕಡೆಯದು. ಇನ್ನೊಬ್ಬರ ಇಂಗ್ಲಿಷಿಗೆ ನಗುವ ಮೊದಲು ನಮ್ಮ ‘ಕೇಳು’ವನ್ನೂ ಒಮ್ಮೆ ಬಿಚ್ಚಿ ನೋಡಬೇಕಲ್ಲ! ಹಾಡು ಕೇಳುತ್ತೇವೆ, ರಜೆ ಕೇಳುತ್ತೇವೆ, ದಾರಿ ಕೇಳುತ್ತೇವೆ, ಅಪ್ಪನ ಮಾತು ಕೇಳುತ್ತೇವೆ (ಅಥವಾ ಕೇಳುವುದಿಲ್ಲ). ಇಂಗ್ಲಿಷ್‌ನಲ್ಲಿ ಇವು ನಾಲ್ಕಕ್ಕೆ ಕನಿಷ್ಠ ಎರಡು ಪದ ಬೇಕು. ತುಳುವಿನಲ್ಲೂ ಕಿವಿಗೊಡುವುದಕ್ಕೆ, ವಿಚಾರಿಸುವುದಕ್ಕೆ ಒಂದೇ ಪದ. ಕೊಂಕಣಿಯವರು ಮಾತ್ರ ‘ಆಯ್ಕುಂಚೆಂ’, ‘ವಿಚಾರ್ಚೆಂ’ ಎಂದು ಬೇರೆ ಬೇರೆ ಇಟ್ಟುಕೊಂಡಿದ್ದಾರೆ.

ನಮ್ಮವರು ಹೆಚ್ಚಾಗಿ ಎಡವುವುದು ‘ಹಿಯರ್’ ಮತ್ತು ‘ಲಿಸನ್’ ನಡುವೆ. ಇದಕ್ಕೆ ಕಾರಣ ಇದೆ, ಪರಿಹಾರವೂ ಕನ್ನಡದಲ್ಲೇ ಇದೆ. ‘ನನಗೆ ಕೇಳಿಸಿತು’ ಎಂದರೆ ಸದ್ದು ತಾನಾಗಿ ಬಂದು ಕಿವಿಗೆ ಬಿತ್ತು. ಅದು ‘ಹಿಯರ್’. ‘ನಾನು ಕೇಳಿದೆ’ ಎಂದರೆ ಮನಸ್ಸು ಕೊಟ್ಟು ಕೂತದ್ದು. ಅದು ‘ಲಿಸನ್ ಟು’. ಕನ್ನಡದಲ್ಲಿ ‘ನನಗೆ’, ‘ನಾನು’ ಎಂದು ಮೊದಲ ಪದದಲ್ಲೇ ವ್ಯತ್ಯಾಸ ತಿಳಿಯುತ್ತದೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ‘ಐ’ ಬರುವುದರಿಂದ ತಪ್ಪುತ್ತದೆ. ದಿನಾ ರಾತ್ರಿ ಹಾಡು ಕೇಳುತ್ತೇನೆ ಅನ್ನಲು ‘ಐ ಲಿಸನ್ ಟು ಸಾಂಗ್ಸ್’ ಸರಿ. ಆದರೆ ಈ ಹಾಡು ನಿನ್ನ ಕಿವಿಗೆ ಬಿದ್ದಿದೆಯಾ ಎಂದು ವಿಚಾರಿಸಲು ‘ಹ್ಯಾವ್ ಯು ಹರ್ಡ್ ದಿಸ್ ಸಾಂಗ್?’ ಅನ್ನಬೇಕು. ಸ್ವಾಹಿಲಿಯಲ್ಲೂ ಈ ಜೋಡಿ ಇದೆ, ‘ಸಿಕಿಯಾ’ ಮತ್ತು ‘ಸಿಕಿಲಿಝಾ’. ಎರಡನೆಯದು ಕಿವಿಗೊಟ್ಟು ಕೇಳುವುದು.

ಫೋನಿನಲ್ಲಿ ‘ಐ ಆ್ಯಮ್ ನಾಟ್ ಹಿಯರಿಂಗ್ ಯು’ ಅನ್ನುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಈ ಕ್ಷಣ ಕೇಳಿಸುತ್ತಿಲ್ಲ ಅನ್ನಲು ‘ಐ ಕಾಂಟ್ ಹಿಯರ್ ಯು’ ಸಾಕು. ಕೇಳಿಸುವುದು ನಾವು ಮಾಡುವ ಕೆಲಸವಲ್ಲ, ಆದ್ದರಿಂದ ಸಾಮಾನ್ಯವಾಗಿ ಅದಕ್ಕೆ ‘ಇಂಗ್’ ಹತ್ತುವುದಿಲ್ಲ. ಭೂತಕಾಲದ ಉಚ್ಚಾರ ‘ಹಿಯರ್ಡ್’ ಅಲ್ಲ, ‘ಹರ್ಡ್’. ‘ಇಲ್ಲಿ’ ಎಂಬ ಅರ್ಥದ ‘ಹಿಯರ್’ ಉಚ್ಚಾರದಲ್ಲಿ ಇದೇ ಥರ ಇದ್ದರೂ ಸ್ಪೆಲ್ಲಿಂಗ್ ಬೇರೆ. ಬರೆಯುವಾಗ ಅನುಮಾನ ಬಂದರೆ, ಕಿವಿಯ ‘ಹಿಯರ್’ ಒಳಗೆ ‘ಇಯರ್’ ಇದೆಯೇ ನೋಡಿದರಾಯಿತು.

ಕೆಲಸದ ಜಾಗದಲ್ಲಿ ಅಪಘಾತ ಆದಾಗ ಬರೆದುಕೊಡುವ ಹೇಳಿಕೆಯಲ್ಲೂ ಈ ಪದ ಎಚ್ಚರ ಬೇಡುತ್ತದೆ. ‘ಐ ಹರ್ಡ್ ಹಿಮ್ ಶೌಟ್’ ಎಂದರೆ ಕೂಗಿದ್ದನ್ನು ಪೂರ್ತಿ ಕೇಳಿಸಿಕೊಂಡೆ. ‘ಐ ಹರ್ಡ್ ಹಿಮ್ ಶೌಟಿಂಗ್’ ಎಂದರೆ ಕೂಗುತ್ತಿದ್ದಾಗ ನಡುವೆ ಕಿವಿಗೆ ಬಿತ್ತು. ‘ಐ ಹರ್ಡ್ ದ್ಯಾಟ್ ಹಿ ಶೌಟೆಡ್’ ಎಂದು ಬರೆದರೋ, ಕಥೆಯೇ ಬೇರೆ. ಆಗ ಕೂಗು ನಿಮ್ಮ ಕಿವಿಗೆ ಬಿದ್ದಿಲ್ಲ, ಬೇರೆಯವರು ಹೇಳಿ ಗೊತ್ತಾಗಿದೆ ಎಂದಾಗುತ್ತದೆ. ಕನ್ನಡದಲ್ಲಿ ‘ಕೂಗಿದನಂತೆ’ ಅನ್ನುತ್ತೇವಲ್ಲ, ಆ ‘ಅಂತೆ’ಯೇ ಇದು. ‘ಐ ಹಿಯರ್ ದೆ ಆರ್ ಕಟಿಂಗ್ ಓವರ್‌ಟೈಮ್’ ಎಂದರೂ ಅಷ್ಟೇ, ಓಟಿ ತೆಗೀತಾರಂತೆ. ಕಣ್ಣೆದುರಿನ ಸಾಕ್ಷಿ ಒಂದು ಚಿಕ್ಕ ‘ದ್ಯಾಟ್’ನಿಂದ ಗಾಳಿಮಾತಾಗಿ ಬಿಡುವುದುಂಟು. ಇಂಥ ಗಾಳಿಮಾತಿಗೆ ಕಾನೂನಿನಲ್ಲಿ ‘ಹಿಯರ್‌ಸೇ’ ಎಂಬ ಹೆಸರೇ ಇದೆ, ಸಾಕ್ಷ್ಯವಾಗಿ ಅದಕ್ಕೆ ಬೆಲೆ ಕಡಿಮೆ.

ಕೆಲಸ ಹುಡುಕುವವರಿಗೆ ಇನ್ನೊಂದು ಮಾತು. ‘ಹಿಯರ್ ಆಫ್’ ಎಂದರೆ ಹೆಸರು ಗೊತ್ತಿರುವುದು, ‘ಹಿಯರ್ ಅಬೌಟ್’ ಎಂದರೆ ಸುದ್ದಿ ತಿಳಿಯುವುದು, ‘ಹಿಯರ್ ಫ್ರಮ್’ ಎಂದರೆ ಒಬ್ಬರಿಂದ ಪತ್ರವೋ ಫೋನೋ ಬರುವುದು. ಇಂಟರ್‌ವ್ಯೂ ಮುಗಿದ ಮೇಲೆ ‘ಯು ವಿಲ್ ಹಿಯರ್ ಫ್ರಮ್ ಅಸ್’ ಎಂದರೆ ತಿಳಿಸುತ್ತೇವೆ ಅಂತ ಅಷ್ಟೆ, ಕೆಲಸ ಕೊಟ್ಟೆವು ಅಂತ ಅಲ್ಲ. ಆ ಒಂದು ವಾಕ್ಯ ನಂಬಿ ಇರುವ ಕೆಲಸಕ್ಕೆ ರಾಜೀನಾಮೆ ಕೊಡಬಾರದು, ಏಜೆಂಟನಿಗೆ ದುಡ್ಡೂ ಕಟ್ಟಬಾರದು. ಸಂಬಳ ಬಾಕಿಯ ದೂರಿಗೆ ಮ್ಯಾನೇಜರ್ ತಲೆಯಾಡಿಸಿ ‘ಐ ಹಿಯರ್ ಯು’ ಅಂದರೆ ನಿಮ್ಮ ಕಷ್ಟ ತಿಳಿಯಿತು ಅಂತ, ಕೊಡ್ತೇನೆ ಅಂತಲ್ಲ. ಇತ್ತೀಚೆಗೆ ಆಫೀಸುಗಳಲ್ಲಿ ಇದು ಬಹಳ ನಡೀತಿದೆ. ತಾರೀಕು ಬರಹದಲ್ಲಿ ಪಡೆಯುವುದು ಒಳ್ಳೆಯದು. ಅರ್ಜಿಯ ಕೊನೆಗೆ ‘ಲುಕಿಂಗ್ ಫಾರ್ವರ್ಡ್ ಟು ಹಿಯರ್’ ಎಂದು ಬರೆಯುವವರು ಅದನ್ನು ‘ಟು ಹಿಯರಿಂಗ್’ ಎಂದು ತಿದ್ದಿಕೊಳ್ಳಲಿ. ‘ಇಂಗ್’ ಬೇಕಾಗುವ ಜಾಗ ಇದು.

‘ಹಿಯರಿಂಗ್’ ಎಂದರೆ ಕೋರ್ಟಿನ ವಿಚಾರಣೆ ಕೂಡ. ನೈರೋಬಿಯಲ್ಲಿ ಸಂಬಳ, ವಜಾ ಮುಂತಾದ ತಕರಾರುಗಳಿಗೆ ಎಂಪ್ಲಾಯ್‌ಮೆಂಟ್ ಆ್ಯಂಡ್ ಲೇಬರ್ ರಿಲೇಶನ್ಸ್ ಕೋರ್ಟ್ ಇದೆ. ಕೀನ್ಯಾದ ಕೋರ್ಟುಗಳು ಕೊಡುವ ತಾರೀಕಿನ ಪಕ್ಕ ‘ಮೆನ್ಷನ್’ ಅಥವಾ ‘ಹಿಯರಿಂಗ್’ ಎಂದು ಬರೆದಿರುತ್ತದೆ. ಮೆನ್ಷನ್ ದಿನ ಕೇಸು ಎಲ್ಲಿಗೆ ಬಂತು ಎಂದು ನೋಡಿ ಮುಂದಿನ ಸೂಚನೆ ಕೊಡುತ್ತಾರೆ, ಸಾಮಾನ್ಯವಾಗಿ ಸಾಕ್ಷಿ ವಿಚಾರಣೆ ಇರುವುದಿಲ್ಲ. ಹಿಯರಿಂಗ್ ದಿನ ಮಾತ್ರ ದೂರುದಾರ, ಸಾಕ್ಷಿಗಳು, ಅಪಾಯಿಂಟ್‌ಮೆಂಟ್ ಲೆಟರ್, ಪೇ ಸ್ಲಿಪ್ ಎಲ್ಲ ಸಿದ್ಧವಿರಬೇಕು. ಆ ದಿನ ಕಾರಣವಿಲ್ಲದೆ ತಪ್ಪಿಸಿಕೊಂಡರೆ ಕೇಸೇ ವಜಾ ಆಗುವ ಅಪಾಯ ಇರುತ್ತದೆ. ವಕೀಲರ ಮೆಸೇಜ್‌ನಲ್ಲಿ ಎರಡರಲ್ಲಿ ಯಾವ ಪದ ಇದೆ ಎಂದು ನೋಡಿಯೇ ಟಿಕೆಟ್ ಬುಕ್ ಮಾಡಬೇಕು.