ಬಿದ್ದವರು

ಕನ್ನಡದ ಕ್ರೈಸ್ತ ಮನೆಗಳಲ್ಲಿ ಯಾರಾದರೂ ಸಭೆಗೆ ಬರುವುದನ್ನು ಬಿಟ್ಟರೆ, ಕುಡಿತಕ್ಕೆ ಇಳಿದರೆ, ನಂಬಿಕೆಯ ಮಾತೆತ್ತಿದಾಗ ಮುಖ ತಿರುಗಿಸಿದರೆ, ಅವರ ಬಗ್ಗೆ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಒಂದು, ‘ಹಿಂಜಾರಿದ್ದಾನೆ’. ಇನ್ನೊಂದು, ‘ಬಿದ್ದುಹೋದ’. ಮೊದಲನೆಯದರಲ್ಲಿ ಇನ್ನೂ ಆಸೆ ಉಳಿದಿದೆ. ಎರಡನೆಯದಕ್ಕೆ ‘ಹೋದ’ ಎಂಬುದು ಅಂಟಿಕೊಂಡ ಕೂಡಲೇ ಬಾಗಿಲು ಮುಚ್ಚಿದಂತೆ ಕೇಳಿಸುತ್ತದೆ. ಆಮೇಲೆ ಬರುವುದೇ ಮನೆಯವರನ್ನು ನಿದ್ದೆಗೆಡಿಸುವ ಪ್ರಶ್ನೆ: ಅವನ ರಕ್ಷಣೆಯ ಗತಿಯೇನು? ದೀಕ್ಷಾಸ್ನಾನ ಆದ ದಿನ ಅಳುತ್ತಾ ಸಾಕ್ಷಿ ಹೇಳಿದನಲ್ಲ, ಅದೆಲ್ಲ ಏನಾಯಿತು?

ಉತ್ತರ ಕೊಡುವವರು ಎಲ್ಲ ಕಡೆಯೂ ಇದ್ದಾರೆ. ಒಮ್ಮೆ ರಕ್ಷಣೆ ಹೊಂದಿದವನು ಎಂದೆಂದಿಗೂ ರಕ್ಷಣೆ ಹೊಂದಿದವನೇ ಎಂದು ಬೋಧಿಸುವ ಸಭೆಯಲ್ಲಿ, ‘ಅವನು ಮೊದಲಿಂದಲೂ ನಿಜವಾದ ವಿಶ್ವಾಸಿ ಆಗಿರಲೇ ಇಲ್ಲ’ ಎನ್ನುತ್ತಾರೆ. ಪೆಂತೆಕೊಸ್ತ್ ಸಭೆಗಳಲ್ಲಿ ಹೆಚ್ಚಿನವರು, ‘ಇದ್ದದ್ದನ್ನು ಕಳೆದುಕೊಂಡ’ ಎನ್ನುತ್ತಾರೆ. ಇಬ್ಬರ ಕೈಯಲ್ಲೂ ಬೈಬಲ್ ಇದೆ. ತನ್ನ ಕುರಿಗಳನ್ನು ಯಾರೂ ತನ್ನ ಕೈಯಿಂದ ಕಿತ್ತುಕೊಳ್ಳಲಾರರು ಎಂದು ಯೇಸು ಹೇಳುವ ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯ ಒಬ್ಬರಿಗೆ; ಬೆಳಕನ್ನು ಕಂಡು, ಪರಲೋಕದ ರುಚಿ ನೋಡಿ, ಆಮೇಲೆ ಬಿದ್ದವರನ್ನು ತಿರುಗಿ ಮಾನಸಾಂತರಕ್ಕೆ ತರುವುದು ಅಸಾಧ್ಯ ಎನ್ನುವ ಇಬ್ರಿಯರ ಪತ್ರದ ಆರನೆಯ ಅಧ್ಯಾಯ ಇನ್ನೊಬ್ಬರಿಗೆ. ಯಾವ ಪಕ್ಷವೂ ಇನ್ನೊಂದರ ವಚನವನ್ನು ಹರಿದು ಹಾಕುವಂತಿಲ್ಲ. ಶತಮಾನಗಳ ವಾದ ನಿಂತಿರುವುದು ಇಲ್ಲೇ.

ಈ ವಾದದ ಒಳಗೆ ಕೂತಿರುವ ‘ಬೀಳು’ ಎಂಬ ಮಾತಿಗೆ ಒಂದು ಊರಿದೆ, ಒಂದು ಕಾಲವಿದೆ. ಊರು ಕಾರ್ಥೇಜ್, ಈಗಿನ ಟುನೀಶಿಯದ ಕರಾವಳಿ. ಕಾಲ ಕ್ರಿ.ಶ. 250.

ರೋಮಿನ ಚಕ್ರವರ್ತಿ ಡೇಸಿಯಸ್ ಒಂದು ಆಜ್ಞೆ ಹೊರಡಿಸಿದ. ಸಾಮ್ರಾಜ್ಯದ ಪ್ರಜೆಗಳು ದೇವತೆಗಳಿಗೆ ಬಲಿ ಕೊಡಬೇಕು, ನೈವೇದ್ಯದ ಮಾಂಸ ತಿನ್ನಬೇಕು, ಹಾಗೆ ಮಾಡಿದ್ದಕ್ಕೆ ಅಧಿಕಾರಿಗಳ ಸಹಿ ಇರುವ ಚೀಟಿ ಪಡೆಯಬೇಕು. ಆ ಚೀಟಿಗಳಲ್ಲಿ ನಲವತ್ತಕ್ಕೂ ಹೆಚ್ಚು ಈಜಿಪ್ಟಿನ ಮರಳಲ್ಲಿ ಉಳಿದುಕೊಂಡು ನಮ್ಮವರೆಗೆ ಬಂದಿವೆ. ಮೊಟ್ಟಮೊದಲು, 1893ರಲ್ಲಿ, ಅಚ್ಚಾದದ್ದು ಡಯೊಜೆನಿಸ್ ಎಂಬ ಮುದುಕನದು. ಅಲೆಕ್ಸಾಂಡರನ ದ್ವೀಪ ಎಂಬ ಹಳ್ಳಿಯವನು, ವಯಸ್ಸು 72, ಬಲ ಹುಬ್ಬಿನ ಮೇಲೆ ಗಾಯದ ಗುರುತು. ತಾನು ಯಾವಾಗಲೂ ದೇವತೆಗಳಿಗೆ ಬಲಿ ಕೊಟ್ಟವನು, ಈಗ ನಿಮ್ಮ ಕಣ್ಣೆದುರೇ ಕೊಟ್ಟಿದ್ದೇನೆ, ದಯವಿಟ್ಟು ದೃಢೀಕರಿಸಿ ಎಂದು ಅರ್ಜಿ. ಅವನು ಕ್ರೈಸ್ತನಾಗಿದ್ದನೆಂದು ಹೇಳಲು ಆಧಾರವಿಲ್ಲ. ಆಜ್ಞೆ ಎಲ್ಲರ ಮೇಲೂ ಇತ್ತು. ಆದರೆ ಅಂಥದೇ ಒಂದು ಹಾಳೆಯ ಮುಂದೆ ಕ್ರೈಸ್ತರೂ ನಿಲ್ಲಬೇಕಾಯಿತು ಎಂಬುದನ್ನು ನೆನೆದರೆ, ಆ ಹುಬ್ಬಿನ ಗಾಯದ ವಿವರ ಓದುವವರನ್ನು ಬಿಡುವುದಿಲ್ಲ.

ಬಹಳ ಮಂದಿ ಸೋತರು. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಬರೆದಿಟ್ಟಿದ್ದಾನೆ: ಹಿಡಿದು ತರುವ ಮುಂಚೆಯೇ ಜನ ತಾವಾಗಿ ಬಲಿಪೀಠಕ್ಕೆ ಓಡಿಹೋದರಂತೆ; ಸಂಜೆಯಾಯಿತು, ನಾಳೆ ಬನ್ನಿ ಎಂದು ಅಧಿಕಾರಿಗಳು ಹೇಳಿದರೂ ಇವತ್ತೇ ಮುಗಿಸಿಬಿಡಿ ಎಂದು ಬೇಡಿಕೊಂಡರಂತೆ. ತಮ್ಮ ಹಸುಗೂಸುಗಳನ್ನೂ ಕೆಲವರು ಎತ್ತಿಕೊಂಡು ಹೋದರು. ಇನ್ನು ಕೆಲವರು ಬಲಿ ಕೊಡಲಿಲ್ಲ, ಲಂಚ ಕೊಟ್ಟು ಚೀಟಿ ಮಾತ್ರ ತಂದರು. ಇವರೆಲ್ಲರಿಗೂ ಸೇರಿಸಿ ಸಭೆ ಇಟ್ಟ ಹೆಸರು ‘ಲಾಪ್ಸಿ’. ಲ್ಯಾಟಿನ್‌ನಲ್ಲಿ ಬಿದ್ದವರು, ಜಾರಿದವರು ಎಂದು ಅರ್ಥ. ‘ದ್ರೋಹಿ’ ಎಂದು ಹೆಸರಿಡಬಹುದಿತ್ತು. ಆ ಮಾತಿನ ಬದಲು ‘ಬಿದ್ದವರು’ ನಿಂತದ್ದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ.

ಹಿಂಸೆ ತಣ್ಣಗಾದ ಮೇಲೆ ಬಿದ್ದವರು ಬಾಗಿಲಿಗೆ ಬಂದು ಅತ್ತರು. ಏನು ಮಾಡುವುದು? ಸೆರೆಮನೆಯಲ್ಲಿ ಹಿಂಸೆ ಅನುಭವಿಸಿದ್ದವರು ಉದಾರವಾಗಿ ಕ್ಷಮಾಪತ್ರ ಬರೆದುಕೊಡತೊಡಗಿದ್ದರು. ಅಷ್ಟು ಸುಲಭಕ್ಕೆ ಸಿಪ್ರಿಯನ್ ಒಪ್ಪಲಿಲ್ಲ. ಅತ್ತ ರೋಮಿನಲ್ಲಿ ನೊವೇಷಿಯನ್ ಎಂಬ ವಿದ್ವಾಂಸ ತೀರಾ ಉಲ್ಟಾ ನಿಲುವು ತೆಗೆದುಕೊಂಡ: ಅವರು ಸಾಯುವವರೆಗೆ ಪಶ್ಚಾತ್ತಾಪ ಪಡಲಿ, ದೇವರು ಕ್ಷಮಿಸುವುದಾದರೆ ಕ್ಷಮಿಸಲಿ, ಸಭೆಗೆ ಮಾತ್ರ ಅವರನ್ನು ಸೇರಿಸಿಕೊಳ್ಳುವ ಅಧಿಕಾರ ಇಲ್ಲ. ಅವನ ಹಿಂದೆ ಹೋದವರು ತಮ್ಮನ್ನು ‘ಶುದ್ಧರು’ ಎಂದು ಕರೆದುಕೊಂಡರು. ಆ ಪಂಗಡ ಶತಮಾನಗಳ ಕಾಲ ಬಾಳಿತು. 325ರ ನಿಕೇಯ ಸಭಾಕೂಟಕ್ಕೆ ಅವರ ಬಿಷಪ್ ಅಕೇಶಿಯಸ್ ಬಂದಿದ್ದಾಗ, ಹಾಗಾದರೆ ಒಂದು ಏಣಿ ಹಾಕಿಕೊಂಡು ನೀನೊಬ್ಬನೇ ಸ್ವರ್ಗಕ್ಕೆ ಹತ್ತು ಎಂಬರ್ಥದ ಮಾತನ್ನು ಚಕ್ರವರ್ತಿ ಕಾನ್‌ಸ್ಟಂಟೈನ್ ಆಡಿದನೆಂದು ಐದನೆಯ ಶತಮಾನದ ಇತಿಹಾಸಕಾರ ಸಾಕ್ರಟೀಸ್ ದಾಖಲಿಸಿದ್ದಾನೆ.

ಸಿಪ್ರಿಯನ್ ಹುಡುಕಿದ್ದು ನಡುವಿನ ದಾರಿಯನ್ನು. ಅಂತೋನಿಯನಸ್ ಎಂಬ ಬಿಷಪ್‌ಗೆ ಬರೆದ ಉದ್ದನೆಯ ಪತ್ರದಲ್ಲಿ ಅವನು ಬಿದ್ದವರನ್ನು ಒಬ್ಬೊಬ್ಬರಾಗಿ ನೋಡುತ್ತಾನೆ. ತಾನಾಗಿ ಓಡಿಹೋಗಿ ಹೆಂಡತಿ ಮಕ್ಕಳನ್ನೂ ಎಳೆದುಕೊಂಡು ಹೋದವನು ಒಬ್ಬ. ಮನೆಯವರೆಲ್ಲರ ಬದಲು ತಾನೊಬ್ಬನೇ ಹೋಗಿ ಬಲಿ ಕೊಟ್ಟು, ಹೆಂಡತಿ ಮಕ್ಕಳನ್ನು ಉಳಿಸಿ, ಓಡಿಬಂದ ವಿಶ್ವಾಸಿಗಳಿಗೆ ತನ್ನ ಮನೆಯಲ್ಲಿ ಜಾಗ ಕೊಟ್ಟವನು ಇನ್ನೊಬ್ಬ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ ಎಂದು ಕೇಳುತ್ತಾನೆ. ಅವರು ಸತ್ತವರಲ್ಲ, ಅರೆಜೀವವಾಗಿ ಬಿದ್ದಿರುವವರು ಎನ್ನುತ್ತಾನೆ.

ಇಡೀ ಪದದ ಬಾಳು ಇಲ್ಲಿದೆ. ಕನ್ನಡದಲ್ಲೂ ‘ಬೀಳು’ವಿಗೆ ಎರಡು ಮುಖ. ‘ಹೆಣ ಬಿತ್ತು’ ಎನ್ನುವಾಗ ಬಿದ್ದದ್ದು ಏಳುವುದಿಲ್ಲ. ‘ಮಗು ಬಿತ್ತು’ ಎಂದರೆ ಓಡಿಹೋಗಿ ಎತ್ತುತ್ತೇವೆ. ನೊವೇಷಿಯನ್ ಮೊದಲ ಅರ್ಥ ಹಿಡಿದ, ಸಿಪ್ರಿಯನ್ ಎರಡನೆಯದನ್ನು. 251ರ ಕಾರ್ಥೇಜ್ ಕೂಟ ಚೀಟಿ ಕೊಂಡವರನ್ನು ಅವರವರ ಕಾರಣ ನೋಡಿ ಒಳಗೆ ಕರೆದುಕೊಂಡಿತು. ಬಲಿ ಕೊಟ್ಟವರಿಗೆ ಮರಣಶಯ್ಯೆಯಲ್ಲಿ ಸಮಾಧಾನ ಕೊಡುವುದೆಂದು ತೀರ್ಮಾನಿಸಿತು. ಮತ್ತೊಂದು ಹಿಂಸೆಯ ಸೂಚನೆ ಕಂಡಾಗ ಆ ಕಾಯುವಿಕೆಯನ್ನೂ ಬಿಟ್ಟು, ಪಶ್ಚಾತ್ತಾಪ ಪಡುತ್ತಿದ್ದ ಎಲ್ಲರನ್ನೂ ಸೇರಿಸಿಕೊಂಡರು. ಕ್ರಿಸ್ತನಿಗಾಗಿ ರಕ್ತ ಚೆಲ್ಲು ಎಂದು ಕೇಳುವವರು, ಆತನ ಪಾತ್ರೆಯಿಂದ ಕುಡಿಯಲು ಅವರಿಗೆ ಅವಕಾಶ ಕೊಡದೆ ಹೇಗೆ ಕೇಳುವುದು ಎಂಬುದು ಅವರ ವಾದ.

ಮುಂದೆ ಯೂರೋಪಿನಲ್ಲಿ ಈ ಪ್ರಶ್ನೆ ಸಭೆಯ ಬಾಗಿಲಿನಿಂದ ಪಂಡಿತರ ಕೊಠಡಿಗೆ ಹೋಯಿತು. 1547ರಲ್ಲಿ ಟ್ರೆಂಟ್ ಕೂಟ, ಮರಣಕರ ಪಾಪದಿಂದ ಕೃಪೆ ಕಳೆದುಹೋಗುತ್ತದೆ, ಪಾಪನಿವೇದನೆಯ ಸಂಸ್ಕಾರದಿಂದ ಮರಳಿ ಸಿಗುತ್ತದೆ ಎಂದಿತು. ಲೂಥರನ ಕಡೆಯವರೂ ಕಳೆದುಹೋಗಬಹುದು ಎಂದೇ ನಂಬಿದರು. 1610ರಲ್ಲಿ ಹಾಲೆಂಡಿನ ಅರ್ಮೀನಿಯಸ್ ಅನುಯಾಯಿಗಳು ತಮ್ಮ ಹೇಳಿಕೆಯ ಐದನೆಯ ಅಂಶದಲ್ಲಿ, ಇದನ್ನು ಧರ್ಮಗ್ರಂಥದಿಂದ ಇನ್ನೂ ಪರಿಶೀಲಿಸಬೇಕು ಎಂದು ಬರೆದರು. ನನಗೆ ಬಹಳ ಗೌರವವಿರುವ ವಾಕ್ಯ ಅದು. ಡೋರ್ಡ್ರೆಕ್ಟ್ ಊರಲ್ಲಿ 1618-19ರಲ್ಲಿ ಸೇರಿದ ಕೂಟ ಆ ಪ್ರಶ್ನೆಯನ್ನು ಮುಚ್ಚಿತು: ದೇವರು ಆರಿಸಿಕೊಂಡವರು ದಾವೀದನ ಹಾಗೆ, ಪೇತ್ರನ ಹಾಗೆ ಘೋರವಾಗಿ ಬೀಳಬಹುದು, ಆದರೆ ಪೂರ್ತಿಯಾಗಿ, ಕೊನೆಯದಾಗಿ ಬೀಳಲಾರರು. ಅವರೂ ‘ಬೀಳು’ವನ್ನು ಕೈಬಿಡಲಿಲ್ಲ, ಗಮನಿಸಿ. ‘ಬಿದ್ದುಹೋಗು’ವನ್ನು ಮಾತ್ರ ಬಿಟ್ಟರು.

ಅಭಯವೇ ಉದ್ದೇಶವಾಗಿದ್ದ ಆ ಬೋಧನೆ ಎಲ್ಲರಿಗೂ ಅಭಯ ಕೊಡಲಿಲ್ಲ. ನಿಜವಾದವನು ಪೂರ್ತಿಯಾಗಿ ಬೀಳುವುದಿಲ್ಲ ಎಂದ ಮೇಲೆ, ಬಿದ್ದ ಪ್ರತಿಯೊಬ್ಬನೂ ‘ನಾನು ನಿಜವಾದವನೇ?’ ಎಂದು ತನ್ನನ್ನೇ ಅಗೆಯಲು ಶುರುಮಾಡುತ್ತಾನೆ. ಬೆಡ್‌ಫರ್ಡ್ ಬಳಿಯ ಪಾತ್ರೆ ಬೆಸುಗೆಯವನು ಜಾನ್ ಬನ್ಯನ್ ಹಾಗೆ ಅಗೆದುಕೊಂಡವನು. ಕ್ರಿಸ್ತನನ್ನು ಮಾರಿಬಿಡು ಎಂಬ ಒಂದು ಆಲೋಚನೆ ಅವನ ತಲೆಯಲ್ಲಿ ಹಗಲೂ ರಾತ್ರಿ ಬಡಿಯುತ್ತಿತ್ತು. ಒಂದು ಬೆಳಿಗ್ಗೆ ಹಾಸಿಗೆಯಲ್ಲಿ ಹೋರಾಡಿ ಸುಸ್ತಾಗಿ, ಬೇಕಾದರೆ ಆತನು ಹೋಗಲಿ ಎಂದು ಮನಸ್ಸು ಒಂದು ಕ್ಷಣ ಒಪ್ಪಿತು. ಅಷ್ಟೇ. ಒಂದು ಹೊತ್ತಿನ ಊಟಕ್ಕೆ ಚೊಚ್ಚಲತನ ಮಾರಿ, ಆಮೇಲೆ ಕಣ್ಣೀರಿಟ್ಟರೂ ಆಶೀರ್ವಾದ ಸಿಗದ ಏಸಾವನೇ ನಾನು ಎಂದು ಅವನು ತೀರ್ಮಾನಿಸಿಕೊಂಡ. ಆ ಸ್ಥಿತಿಯಲ್ಲಿ ಅವನ ಕೈಗೆ ಸಿಕ್ಕಿದ್ದು ಫ್ರಾಂಚೆಸ್ಕೊ ಸ್ಪಿಯೇರನ ಕಥೆ. ಇಟಲಿಯ ಚಿತ್ತದೆಲ್ಲದ ಆ ವಕೀಲ ವೆನಿಸ್‌ನ ಧರ್ಮವಿಚಾರಣೆಗೆ ಹೆದರಿ ತನ್ನ ನಂಬಿಕೆಯನ್ನು ಬಹಿರಂಗವಾಗಿ ಅಲ್ಲಗಳೆದು, ದೇವರು ತನ್ನನ್ನು ಕೈಬಿಟ್ಟನೆಂಬ ನಿರಾಶೆಯಲ್ಲೇ 1548ರಲ್ಲಿ ಸತ್ತವನು. ಬನ್ಯನ್‌ಗೆ ಅದು ಹಸಿ ಗಾಯಕ್ಕೆ ಉಪ್ಪು.

ಅವನು ಹೊರಬಂದ ಬಗೆಯನ್ನು 1666ರಲ್ಲಿ ಸೆರೆಮನೆಯಿಂದ ಪ್ರಕಟಿಸಿದ ಆತ್ಮಕಥೆಯಲ್ಲಿ ಹೇಳಿದ್ದಾನೆ. ಏಸಾವನ ವಚನ, ಮತ್ತು ಕೃಪೆಯೇ ಸಾಕು ಎಂದು ಪೌಲನಿಗೆ ಸಿಕ್ಕ ವಚನ, ಎರಡೂ ಮನಸ್ಸಿನಲ್ಲಿ ಒಂದೇ ಸಲ ಎದುರಾಗಲಿ ಎಂದು ಅವನು ಹಂಬಲಿಸುತ್ತಿದ್ದ. ಕೊನೆಗೊಂದು ದಿನ ಎದುರಾದವು. ಏಸಾವನದು ಬಲಗುಂದಿತು, ಕೃಪೆಯದು ನಿಂತಿತು. ಇದು ತರ್ಕದಿಂದ ಬಂದ ಗೆಲುವಲ್ಲ. ವರ್ಷಗಟ್ಟಲೆ ನರಳಿದವನ ಅನುಭವ. ಈ ವಾದದಲ್ಲಿ ಮಾತಾಡುವ ಮುಂಚೆ ಆ ಪುಟಗಳನ್ನು ಓದಿರಬೇಕು ಎಂದು ನನಗೆ ಗಾಢವಾಗಿ ಅನ್ನಿಸುತ್ತದೆ.

ಜಾನ್ ವೆಸ್ಲಿ ಡೋರ್ಡ್ರೆಕ್ಟಿನ ಮಾತನ್ನು ಒಪ್ಪಲಿಲ್ಲ. 1751ರಲ್ಲಿ ಅದರ ವಿರುದ್ಧ ಕಿರುಹೊತ್ತಗೆಯನ್ನೇ ಬರೆದ. ವಿಶ್ವಾಸಿ ಪೂರ್ತಿಯಾಗಿ ಬೀಳಬಲ್ಲ ಎಂದವನು ಅವನು. ಆದರೆ 1778ರಲ್ಲಿ ಹಿಂಜಾರಿದವರನ್ನು ಕರೆಯುವ ಒಂದು ಪ್ರಸಂಗವನ್ನೂ ಬರೆದ. ಬಿದ್ದವರು ಮತ್ತೆ ಎದ್ದದ್ದನ್ನು ತಾನು ಕಣ್ಣಾರೆ ಕಂಡಿದ್ದೇನೆ, ಒಬ್ಬಿಬ್ಬರಲ್ಲ, ಎಷ್ಟೋ ಜನ ಎಂಬುದು ಅವನ ಸಾಕ್ಷಿ. ಗೆಳೆಯ ಜಾರ್ಜ್ ವೈಟ್‌ಫೀಲ್ಡ್ ಇದೇ ಜಗಳದಲ್ಲಿ ಅವನಿಂದ ದೂರವಾಗಿದ್ದ. 1770ರಲ್ಲಿ ವೈಟ್‌ಫೀಲ್ಡ್ ತೀರಿಕೊಂಡಾಗ ಲಂಡನ್ನಿನಲ್ಲಿ ಶ್ರದ್ಧಾಂಜಲಿ ಪ್ರಸಂಗ ಮಾಡಿದವನು ವೆಸ್ಲಿಯೇ.

ಆ ಇಬ್ಬರ ವಾರಸುದಾರರೂ ಕನ್ನಡ ನಾಡಿಗೆ ಬಂದರು. ಬಳ್ಳಾರಿಗೆ ಲಂಡನ್ ಮಿಷನ್, ಮೈಸೂರಿಗೆ ವೆಸ್ಲಿಯನ್ ಮಿಷನ್. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿದಾಗ ಎರಡೂ ಒಂದೇ ಸಭೆಯೊಳಗೆ ಬಂದವು. ರಕ್ಷಣೆ ಕಳೆದುಹೋಗುತ್ತದೆಯೇ ಇಲ್ಲವೇ ಎಂಬ ಪ್ರಶ್ನೆ ತೀರಲಿ, ಆಮೇಲೆ ಕೂಡೋಣ ಎಂದು ಅವರು ಕಾಯಲಿಲ್ಲ.

ನನ್ನ ನಿಲುವನ್ನು ಮುಚ್ಚಿಡುವುದಿಲ್ಲ. ಇಬ್ರಿಯರ ಪತ್ರದ ಎಚ್ಚರಿಕೆ ಬರೀ ಬೆದರಿಕೆಯಲ್ಲ, ನಿಜವಾದ ಅಪಾಯದ ಸೂಚನೆ ಎಂದೇ ಓದುತ್ತೇನೆ. ಆದರೆ ಅದನ್ನು ಬರೆದವನು, ಮುಂದಿನ ಸಾಲುಗಳಲ್ಲೇ, ನಿಮ್ಮ ವಿಷಯದಲ್ಲಿ ನಮಗೆ ಇದಕ್ಕಿಂತ ಒಳ್ಳೆಯ ಭರವಸೆ ಇದೆ ಎಂಬ ಅರ್ಥದಲ್ಲಿ ಓದುಗರನ್ನು ಪ್ರೀತಿಯಿಂದ ಸಂಬೋಧಿಸುತ್ತಾನೆ. ಆ ಎಚ್ಚರಿಕೆ ನಿಂತಿರುವವನಿಗೆ ಹೇಳಿದ್ದು. ಅದನ್ನು ಎತ್ತಿ ಬಿದ್ದವನ ತಲೆಯ ಮೇಲೆ ಹಾಕುವುದು ತಪ್ಪು. ಹಾಗೆಯೇ, ‘ಅವನು ಮೊದಲಿಂದಲೂ ನಮ್ಮವನಲ್ಲ’ ಎಂದು ಒಬ್ಬ ಮನುಷ್ಯನ ಹಿಂದಿನ ವರ್ಷಗಳ ಪ್ರಾರ್ಥನೆಯನ್ನೆಲ್ಲ ಸುಳ್ಳು ಮಾಡುವುದೂ ತಪ್ಪು. ಅಷ್ಟು ಆಳಕ್ಕೆ ನೋಡುವ ಕಣ್ಣು ನಮಗಿಲ್ಲ. ಸಭೆ ಬಿಟ್ಟುಹೋದವನ ಬಗ್ಗೆ ಮಾತು ಬಂದಾಗ ‘ಬಿದ್ದಿದ್ದಾನೆ’ ಎನ್ನೋಣ. ‘ಹೋದ’ ಸೇರಿಸುವುದು ಬೇಡ. ಮತ್ತು ಆ ಮಾತು ಮುಗಿಸಿ ಏಳುವ ಮುಂಚೆ, ಅವನ ಮನೆಗೆ ಈ ವಾರ ಯಾರು ಹೋಗುತ್ತಾರೆ ಎಂದು ಗೊತ್ತುಮಾಡಿಕೊಳ್ಳೋಣ.